ತಿಂಡಿಯಿಂದ ಲವಂಗಕ್ಕೆ: ಸಾಕುನಾಯಿಗೆ ವಾಸನೆ ಹುಡುಕುವ ಆಟ ಕಲಿಸುವ ಕ್ರಮ

ಪೆಟ್ಟಿಗೆಯಲ್ಲಿ ಕೋಳಿಯ ತುಂಡು ಇಟ್ಟರೆ ಕ್ಷಣದಲ್ಲಿ ಹುಡುಕುವ ನಾಯಿ, ಅದೇ ಪೆಟ್ಟಿಗೆಯಲ್ಲಿ ಲವಂಗದ ಡಬ್ಬಿ ಇಟ್ಟ ದಿನ ಯಾವುದೋ ಒಂದರ ಮುಂದೆ ಕುಳಿತು ಮನೆಯವರ ಮುಖ ನೋಡುತ್ತದೆ. ಈ ಆಟ ಶುರು ಮಾಡಿದ ಹಲವರು ನಿಂತುಬಿಡುವುದು ಇಲ್ಲೇ. ‘ನಮ್ಮ ನಾಯಿಗೆ ಮೂಗು ಸಾಲದು’ ಎಂಬ ತೀರ್ಪೂ ಬಂದುಬಿಡುತ್ತದೆ. ಮೂಗಿಗೆ ಏನೂ ಆಗಿಲ್ಲ. ತಿಂಡಿಗೂ ಲವಂಗಕ್ಕೂ ನಡುವೆ ಇರಬೇಕಾದ ಹಂತವನ್ನು ಹಾರಿ ಹೋಗಿದ್ದೀರಿ, ಇಲ್ಲವೇ ನಿಮ್ಮ ಮನೆಯ ತುಂಬ ಮೊದಲೇ ಲವಂಗದ ವಾಸನೆ ಹರಡಿದೆ. ಶಿರಸಿಯ ಜಗಲಿಯಾಗಲಿ, ಕಾರವಾರದ ಅಡುಗೆಮನೆಯಾಗಲಿ, ಎರಡನೆಯ ಕಾರಣಕ್ಕೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ.

ಆಟ ಇಷ್ಟೇ: ನಿಗದಿತ ವಾಸನೆಯೊಂದನ್ನು ಬಚ್ಚಿಡುವುದು, ನಾಯಿ ಅದನ್ನು ಹುಡುಕಿ ತೋರಿಸುವುದು, ಅದೇ ಜಾಗದಲ್ಲಿ ಅದಕ್ಕೆ ತಿಂಡಿ ಸಿಗುವುದು. ಮುಂದಿನ ಹಂತಗಳ ಕ್ರಮವನ್ನು ಬದಲಿಸಬೇಡಿ.

## ಶುರುವಿಗೆ ಮುನ್ನ

ಯಾವ ತಳಿಯಾದರೂ ಆದೀತು. ಬೀದಿಯಿಂದ ತಂದು ಸಾಕಿದ ನಾಡನಾಯಿ, ಕಿವಿ ಕೇಳದ ನಾಯಿ, ಓಡಲಾರದ ಮುದಿ ನಾಯಿ ಎಲ್ಲವೂ ಆಡಬಲ್ಲವು. ಮುಧೋಳದಂಥ ಬೇಟೆನಾಯಿಗಳು ಮೊದಲು ಕಣ್ಣನ್ನು ನಂಬುವುದರಿಂದ ಅವುಗಳಿಗೆ ತಿಂಡಿಯನ್ನು ಕಾಣದ ಹಾಗೆ ಇಡಬೇಕಾದೀತು, ಅಷ್ಟೇ ವ್ಯತ್ಯಾಸ. ರೇಬೀಸ್ ಲಸಿಕೆ ಆಗಿರಲಿ.

ಹೊತ್ತಿನ ಆಯ್ಕೆ ತಳಿಗಿಂತ ಮುಖ್ಯ. ನಾಯಿ ಮನಸ್ಸಿಟ್ಟು ಮೂಸುವಾಗ ಸೆಕೆಂಡಿಗೆ ಸುಮಾರು ಐದು ಬಾರಿ ಗಾಳಿಯನ್ನು ಒಳಗೆಳೆಯುತ್ತದೆ. ಬಾಯಿ ತೆರೆದು ನಾಲಿಗೆ ಚಾಚಿ ಏದುಸಿರು ಬಿಡುತ್ತಿರುವಾಗ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಕರಾವಳಿಯ ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರ ನಂತರ ಹೊರಗೆ ಆಡಿಸುವುದು ವ್ಯರ್ಥ, ನೆಲವೂ ಕಾದಿರುತ್ತದೆ. ಘಟ್ಟದ ಮೇಲಿನವರಿಗೆ ಇನ್ನೊಂದು ಗಂಟೆ ಹೆಚ್ಚು ಸಿಕ್ಕೀತು. ಊಟಕ್ಕೆ ಮುಂಚೆ ಆಡಿಸಿ. ಒಂದು ಹುಡುಕಾಟ ಒಂದೆರಡು ನಿಮಿಷ, ದಿನಕ್ಕೆ ನಾಲ್ಕೈದು ಹುಡುಕಾಟ, ಎಲ್ಲ ಸೇರಿ ಕಾಲು ಗಂಟೆ ಮೀರಬಾರದು. ನಾಯಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ನಿಲ್ಲಿಸಿ.

## ಬೇಕಾಗುವ ಸಾಮಾನು

ಒಂದೇ ಅಳತೆಯ ಎಂಟು ಹತ್ತು ರಟ್ಟಿನ ಪೆಟ್ಟಿಗೆಗಳು. ಚಪ್ಪಲಿ ಅಂಗಡಿಯವು ಒಳ್ಳೆಯದು, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ವಾಸನೆ ಇರುತ್ತದೆ. ಸಾಬೂನು, ಊದುಬತ್ತಿ, ಬಿಸ್ಕತ್ತು, ಮಸಾಲೆ ತುಂಬಿದ್ದ ಪೆಟ್ಟಿಗೆ ಬೇಡ. ಮೀನು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆ ಪುಕ್ಕಟೆ ಸಿಗುತ್ತದೆಂದು ತಂದರೆ ನಾಯಿ ಅದನ್ನೇ ತಿಂದೀತು. ಮಳೆಗಾಲದಲ್ಲಿ ರಟ್ಟು ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಳೆದು ಒಣಗಿಸಬಹುದಾದ ಪ್ಲಾಸ್ಟಿಕ್ ಬುಟ್ಟಿಗಳೇ ಸರಿ.

ತಿಂಡಿ ಮೆತ್ತಗಿರಲಿ, ಕಡಲೆಕಾಳಿನಷ್ಟು ಸಣ್ಣದಿರಲಿ, ನಿತ್ಯದ ಊಟಕ್ಕಿಂತ ರುಚಿಯಾಗಿರಲಿ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ, ಮುಳ್ಳು ತೆಗೆದ ಮೀನು. ಸಸ್ಯಾಹಾರಿ ಮನೆಗಳಲ್ಲಿ ಪನೀರ್ ಅಥವಾ ಬೇಯಿಸಿದ ಗೆಣಸು. ಒಣಮೀನು ನಾಯಿಗೆ ಎಷ್ಟು ಪ್ರಿಯವಾದರೂ ಅದರ ಉಪ್ಪು ಹೆಚ್ಚು. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ನಾಯಿಗೆ ವಿಷ.

ಇವಲ್ಲದೆ ಎದೆಪಟ್ಟಿ, ಎರಡು ಮೂರು ಮೀಟರ್ ಉದ್ದದ ಹಗ್ಗ, ಚಿಮಟ, ಬಿಸಾಡುವ ಕೈಗವಸು, ಹತ್ತಿಕಡ್ಡಿ, ಬಿಗಿ ಮುಚ್ಚಳದ ಗಾಜಿನ ಬಾಟಲಿ ಮತ್ತು ಒಂದೇ ತರಹದ ನಾಲ್ಕು ಸಣ್ಣ ಸ್ಟೀಲ್ ಡಬ್ಬಿಗಳು ಬೇಕು. ಡಬ್ಬಿಗಳನ್ನು ಪಾತ್ರೆ ಅಂಗಡಿಯಲ್ಲಿ ಹೊಸದಾಗಿ ಕೊಂಡು, ಮುಚ್ಚಳಕ್ಕೆ ನಾಲ್ಕೈದು ತೂತು ಹೊಡೆಸಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಿ. ನೋವಿನ ಮುಲಾಮಿನ ಹಳೆಯ ಡಬ್ಬಿ ಎಷ್ಟು ತೊಳೆದರೂ ಬರುವುದಿಲ್ಲ. ನಾಯಿ ನುಂಗಲಾರದಷ್ಟು ದೊಡ್ಡದಿರಲಿ.

## ಹಂತ 1: ಪೆಟ್ಟಿಗೆ ಮತ್ತು ತಿಂಡಿ

ನಾಲ್ಕು ಪೆಟ್ಟಿಗೆಗಳನ್ನು ಬಾಯಿ ತೆರೆದು ನೆಲದ ಮೇಲೆ ಚೆದುರಿಸಿ. ಒಂದರಲ್ಲಿ ಮೂರು ನಾಲ್ಕು ತುಂಡು ತಿಂಡಿ ಇಡಿ. ಎಲ್ಲ ಪೆಟ್ಟಿಗೆಗಳನ್ನೂ ಕೈಯಿಂದ ಮುಟ್ಟಿ, ಎಲ್ಲದರ ಬಳಿಗೂ ನಡೆದು ಬನ್ನಿ. ಈ ಚಿಕ್ಕ ಕೆಲಸ ಬಿಟ್ಟರೆ ನಾಯಿ ತಿಂಡಿಯನ್ನು ಬಿಟ್ಟು ನಿಮ್ಮ ಹೆಜ್ಜೆಯ ಜಾಡು ಹಿಡಿಯಲು ಕಲಿಯುತ್ತದೆ, ಮುಂದೆ ಅದನ್ನು ಮರೆಸುವುದು ಬಹಳ ಕಷ್ಟ.

ಈಗ ನಾಯಿಯನ್ನು ತಂದು ಒಮ್ಮೆ ‘ಹುಡುಕು’ ಎಂದು ಹೇಳಿ ಬಿಡಿ. ಮತ್ತೆ ಬಾಯಿ ತೆರೆಯಬೇಡಿ. ಬೆರಳು ತೋರಿಸುವುದು, ಪೆಟ್ಟಿಗೆಯನ್ನು ಕಾಲಿನಿಂದ ನೂಕುವುದು, ‘ಅಲ್ಲಿ ಅಲ್ಲ, ಇಲ್ಲಿ’ ಎನ್ನುವುದು ಯಾವುದೂ ಬೇಡ. ಸರಿಯಾದ ಪೆಟ್ಟಿಗೆಗೆ ಮೂಗಿಟ್ಟು ತಿನ್ನುತ್ತಿರುವಾಗಲೇ ಅದೇ ಪೆಟ್ಟಿಗೆಯೊಳಗೆ ಇನ್ನೆರಡು ತುಂಡು ಹಾಕಿ. ನಾಯಿಯನ್ನು ನಿಮ್ಮ ಬಳಿಗೆ ಕರೆದು ಕೊಟ್ಟರೆ ಬಹುಮಾನ ಇರುವುದು ನಿಮ್ಮಲ್ಲಿ ಎಂದು ಅದು ತಿಳಿಯುತ್ತದೆ. ಬಹುಮಾನ ವಾಸನೆಯ ಜಾಗದಲ್ಲೇ ಸಿಗಬೇಕು.

ತಿಂಡಿಯ ಪೆಟ್ಟಿಗೆಗೆ ಕೆಳಗಡೆ ಪೆನ್ನಿನಿಂದ ಗುರುತು ಹಾಕಿ. ಇಂದು ತಿಂಡಿ ಇಟ್ಟ ಪೆಟ್ಟಿಗೆ ನಾಳೆ ಖಾಲಿ ಪೆಟ್ಟಿಗೆಯಾಗಿ ಸಾಲಿಗೆ ಬಂದರೆ ನಾಯಿ ಅದನ್ನೂ ತೋರಿಸುತ್ತದೆ. ತಪ್ಪು ಅದರದಲ್ಲ, ನಿನ್ನೆಯ ವಾಸನೆ ಅಲ್ಲಿದೆ.

ನಾಯಿ ಅಳುಕಿಲ್ಲದೆ ಹತ್ತು ಪೆಟ್ಟಿಗೆಗಳ ನಡುವೆ ಸುತ್ತಿ, ಮುಚ್ಚಳ ಅರೆ ಮುಚ್ಚಿದ್ದರೂ ಹುಡುಕುವವರೆಗೆ ಇಲ್ಲೇ ಇರಿ. ಒಂದು ವಾರವೂ ಆಗಬಹುದು, ಮೂರು ವಾರವೂ ಆಗಬಹುದು.

## ಹಂತ 2: ಪೆಟ್ಟಿಗೆ ಬಿಟ್ಟು ಕೋಣೆಗೆ

ಪೆಟ್ಟಿಗೆಗಳನ್ನು ಕುರ್ಚಿಯ ಮೇಲೆ, ಮೇಜಿನ ಕೆಳಗೆ, ಬಾಗಿಲ ಸಂದಿಯಲ್ಲಿ ಇಡುತ್ತ ಬನ್ನಿ. ಆಮೇಲೆ ಪೆಟ್ಟಿಗೆ ಇಲ್ಲದೆ ಅಡಿಕೆ ಹಾಳೆಯ ಮೇಲೆ, ಬೋರಲು ಹಾಕಿದ ಬುಟ್ಟಿಯ ಅಂಚಿನಲ್ಲಿ ತಿಂಡಿ ಇಡಿ. ನಾಯಿಯ ಮೂಗಿನ ಎತ್ತರಕ್ಕಿಂತ ಮೇಲೆ ಈಗಲೇ ಹೋಗಬೇಡಿ. ಅಡುಗೆಮನೆ ಮತ್ತು ಕಸದ ಬುಟ್ಟಿಯ ಸುತ್ತಮುತ್ತ ಎಂದೂ ಆಡಿಸಬೇಡಿ; ಅಲ್ಲಿ ಕದಿಯುವುದನ್ನು ನೀವೇ ಕಲಿಸಿದಂತಾಗುತ್ತದೆ. ಒಂದೇ ಕೋಣೆಯಲ್ಲಿ ಉಳಿದರೆ ನಾಯಿ ಜಾಗಗಳನ್ನು ಬಾಯಿಪಾಠ ಮಾಡುತ್ತದೆ, ಆದ್ದರಿಂದ ಕೋಣೆ ಬದಲಾಗುತ್ತಿರಲಿ.

## ಹಂತ 3: ವಾಸನೆಯ ತಯಾರಿ

ಅಮೆರಿಕನ್ ಕೆನಲ್ ಕ್ಲಬ್‌ನ ಸ್ಪರ್ಧೆಗಳಲ್ಲಿ ಬಳಸುವುದು ಬರ್ಚ್, ಆನಿಸ್, ಲವಂಗ ಮತ್ತು ಸೈಪ್ರಸ್ ಎಣ್ಣೆಗಳ ವಾಸನೆಯನ್ನು. ನಮಗೆ ಸುಲಭವಾಗಿ ಸಿಗುವುದು ಲವಂಗದ ಎಣ್ಣೆ. ಔಷಧ ಅಂಗಡಿಯಲ್ಲಿ ಹಲ್ಲುನೋವಿಗೆ ಕೊಡುವ ಎಣ್ಣೆಯೇ ಸಾಕು, ಆದರೆ ಅದರಲ್ಲಿ ಕರ್ಪೂರ, ಪುದೀನ ಸತ್ವ ಬೆರೆತಿಲ್ಲ ಎಂದು ಲೇಬಲ್ ಓದಿ ನೋಡಿ. ಟೀ ಟ್ರೀ ಎಣ್ಣೆ, ನೀಲಗಿರಿ ಎಣ್ಣೆ, ಕರ್ಪೂರ ಬಳಸಬೇಡಿ; ಅವು ನಾಯಿಗೆ ಹಾನಿ ಮಾಡುತ್ತವೆ. ಲವಂಗದ ಎಣ್ಣೆಯೂ ನಾಯಿಯ ಮೂಗಿಗೆ, ನಾಲಿಗೆಗೆ ನೇರವಾಗಿ ತಾಗಬಾರದು. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಜೋಪಾನ, ಅದಕ್ಕೆ ಈ ಎಣ್ಣೆ ಇನ್ನೂ ಅಪಾಯಕಾರಿ.

ಎಣ್ಣೆಯ ಬಾಟಲಿ ತೆರೆಯುವುದು ಆಟವಿಲ್ಲದ ದಿನ, ಮನೆಯ ಹೊರಗೆ, ಕೈಗವಸು ಹಾಕಿಕೊಂಡು. ಗಾಜಿನ ಬಾಟಲಿಯ ತಳಕ್ಕೆ ಮಡಿಸಿದ ಕಾಗದ ಹಾಕಿ, ಅದರ ಮೇಲೆ ಎರಡು ಹನಿ ಎಣ್ಣೆ ಬಿಡಿ. ಅದನ್ನು ಇನ್ನೊಂದು ಒಣ ಕಾಗದದಿಂದ ಮುಚ್ಚಿ, ಅರ್ಧಕ್ಕೆ ಕತ್ತರಿಸಿದ ಹತ್ತಿಕಡ್ಡಿಗಳನ್ನು ಮೇಲೆ ತುಂಬಿ, ಮುಚ್ಚಳ ಬಿಗಿದು ಎರಡು ದಿನ ಬಿಡಿ. ಹತ್ತಿಗೆ ಎಣ್ಣೆ ತಾಗಬಾರದು, ಅದರ ಆವಿ ಮಾತ್ರ ಹಿಡಿಯಬೇಕು. ಹತ್ತಿಯನ್ನೇ ಎಣ್ಣೆಯಲ್ಲಿ ಅದ್ದಿದರೆ ಕೋಣೆಯೆಲ್ಲ ಘಾಟು ತುಂಬಿ ನಾಯಿಗೆ ಮೂಲ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನಿಮಗೆ ಚೆನ್ನಾಗಿ ವಾಸನೆ ಬರುತ್ತಿದೆ ಎಂದರೆ ನಾಯಿಗೆ ಅತಿಯಾಯಿತು ಎಂದೇ ಅರ್ಥ.

ಒಂದು ಡಬ್ಬಿಗೆ ಒಂದು ಕಡ್ಡಿ, ಚಿಮಟದಿಂದ ಎತ್ತಿ ಹಾಕಿ. ಉಳಿದ ಮೂರು ಡಬ್ಬಿಗಳಿಗೆ ವಾಸನೆಯಿಲ್ಲದ ಕಡ್ಡಿಗಳನ್ನು ಬೇರೆ ಚಿಮಟದಿಂದ ಹಾಕಿಡಿ. ಇವನ್ನು ಖಾಲಿ ಡಬ್ಬಿ ಎನ್ನೋಣ, ಮುಂದೆ ಇವುಗಳ ಕೆಲಸ ದೊಡ್ಡದು. ಎರಡೂ ಬಗೆಯ ಡಬ್ಬಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಇಡಿ. ಕೈಗವಸು ಬಿಚ್ಚದೆ ಬಾಗಿಲ ಚಿಲಕ ಮುಟ್ಟಿದರೆ ಮರುದಿನ ನಾಯಿ ಚಿಲಕವನ್ನೇ ತೋರಿಸುತ್ತದೆ.

## ಹಂತ 4: ತಿಂಡಿಗೆ ವಾಸನೆಯ ಜೋಡಿ

ಸೋಲುವವರೆಲ್ಲ ಸೋಲುವುದು ಈ ಹಂತವನ್ನು ಎರಡು ದಿನದಲ್ಲಿ ಮುಗಿಸಿದ್ದರಿಂದ. ಇದಕ್ಕೆ ಎರಡು ವಾರವಾದರೂ ಕೊಡಿ.

ಹಂತ 1ರ ಪೆಟ್ಟಿಗೆಗಳಿಗೇ ಮರಳಿ. ಹೊಸ ಪೆಟ್ಟಿಗೆಯೊಂದರಲ್ಲಿ ಲವಂಗದ ಡಬ್ಬಿಯನ್ನು ಅಂಟುಪಟ್ಟಿಯಿಂದ ಕೂರಿಸಿ, ಅದಕ್ಕೆ ತಾಗಿದಂತೆ ತಿಂಡಿ ಇಡಿ. ಡಬ್ಬಿಗೂ ತಿಂಡಿಗೂ ಅಂತರ ಇರಬಾರದು. ತಿನ್ನುವಾಗ ನಾಯಿಯ ಮೂಗು ತೂತುಗಳ ಮೇಲೆಯೇ ಇರಬೇಕು. ಉಳಿದ ಕೆಲವು ಪೆಟ್ಟಿಗೆಗಳಲ್ಲಿ ಖಾಲಿ ಡಬ್ಬಿಗಳನ್ನು ಹಾಗೆಯೇ ಅಂಟಿಸಿ. ಅವಿಲ್ಲದಿದ್ದರೆ ನಾಯಿ ಸ್ಟೀಲಿನ, ಅಂಟುಪಟ್ಟಿಯ, ಹತ್ತಿಯ ವಾಸನೆಯನ್ನೇ ಬಹುಮಾನದ ಗುರುತು ಎಂದು ಕಲಿಯುತ್ತದೆ, ಲವಂಗವನ್ನು ಗಮನಿಸುವುದೇ ಇಲ್ಲ. ಬಹಳ ಮಂದಿ ತಮಗೇ ತಿಳಿಯದೆ ತಿಂಗಳುಗಟ್ಟಲೆ ಅಂಟುಪಟ್ಟಿ ಹುಡುಕುವುದನ್ನು ಕಲಿಸುತ್ತಿರುತ್ತಾರೆ.

ಇನ್ನು ಮನೆಯ ಲವಂಗದ ಮಾತು. ಘಟ್ಟದ ಮೇಲಿನ ಮನೆಗಳ ಜಗಲಿಯಲ್ಲಿ ಕವಳದ (ಎಲೆ ಅಡಿಕೆಯ) ತಟ್ಟೆ ಇರುತ್ತದೆ, ಅದರಲ್ಲಿ ನಾಲ್ಕು ಲವಂಗವೂ ಇರುತ್ತವೆ. ಕರಾವಳಿಯ ಮನೆಗಳಲ್ಲಿ ಮಸಾಲೆ ಹುರಿದ ದಿನ ಹೊಗೆ ಪಡಸಾಲೆಯವರೆಗೂ ಬಂದಿರುತ್ತದೆ. ಲವಂಗ ಹಾಕಿದ ಟೂತ್‌ಪೇಸ್ಟ್‌ನಿಂದ ಹಲ್ಲುಜ್ಜಿ ನೇರವಾಗಿ ಡಬ್ಬಿ ಮುಟ್ಟುವವರೂ ಇದ್ದಾರೆ. ಆದ್ದರಿಂದ ಈ ಎರಡು ವಾರ ಮಹಡಿಯ ಖಾಲಿ ಕೋಣೆ, ವಾಹನ ನಿಲ್ಲಿಸುವ ಶೆಡ್ಡು, ಹೀಗೆ ಅಡುಗೆಮನೆಯಿಂದ ದೂರದ ಜಾಗ ಹಿಡಿಯಿರಿ. ಕವಳದ ತಟ್ಟೆ ಒಳಗೆ ಹೋಗಲಿ. ಅಜ್ಜನಿಗೆ ಸಿಟ್ಟು ಬಂದರೆ ಸಂಜೆ ಮರಳಿ ತನ್ನಿ. ನಾಯಿ ಹುಡುಕುತ್ತ ಮಸಾಲೆ ಡಬ್ಬಿಯ ಕಪಾಟಿನ ಮುಂದೆ ಹೋಗಿ ನಿಂತರೆ ಗದರಬೇಡಿ. ಅಲ್ಲಿ ಲವಂಗ ಇದ್ದೇ ಇದೆ, ಅದು ಸರಿಯಾಗಿಯೇ ಹೇಳಿದೆ. ಸುಮ್ಮನೆ ಕರೆದುಕೊಂಡು ಬಂದು ಜಾಗ ಬದಲಿಸಿ.

ಮುಂದಿನ ಹಂತಕ್ಕೆ ಹೋಗಬಹುದು ಎಂಬುದಕ್ಕೆ ಒಂದೇ ಗುರುತು: ತಿಂಡಿ ಮುಗಿದ ಮೇಲೂ ನಾಯಿ ಡಬ್ಬಿಯ ಬಳಿಯಿಂದ ಕದಲದೆ, ಮೂಗನ್ನು ಮತ್ತೆ ತೂತುಗಳತ್ತ ಒಯ್ದು ಕಾಯುತ್ತದೆ. ತಿಂದ ತಕ್ಷಣ ಬೇರೆ ಪೆಟ್ಟಿಗೆಗೆ ಓಡುತ್ತಿದ್ದರೆ ಅದರ ಮನಸ್ಸಿನಲ್ಲಿ ಇನ್ನೂ ತಿಂಡಿ ಮಾತ್ರ ಇದೆ.

## ಹಂತ 5: ತಿಂಡಿಯನ್ನು ತೆಗೆಯುವುದು

ಒಂದು ದಿನದ ನಾಲ್ಕು ಹುಡುಕಾಟಗಳಲ್ಲಿ ಎರಡನೆಯದನ್ನು ಮಾತ್ರ ತಿಂಡಿಯಿಲ್ಲದೆ ಮಾಡಿ. ಪೆಟ್ಟಿಗೆಗಳು ಕಡಿಮೆ ಇರಲಿ, ಡಬ್ಬಿ ಸುಲಭದ ಜಾಗದಲ್ಲಿರಲಿ. ಮೂಗು ಡಬ್ಬಿಯ ಮೇಲೆ ನಿಂತ ಕ್ಷಣವೇ ‘ಭಲೇ’ ಎಂದು ಹೇಳಿ ಕೈಯಲ್ಲಿರುವ ತಿಂಡಿಯನ್ನು ಡಬ್ಬಿಯ ಪಕ್ಕಕ್ಕೇ ಹಾಕಿ. ತಡವಾದರೆ ನಾಯಿ ತಲೆ ಎತ್ತಿ ನಿಮ್ಮನ್ನು ನೋಡುತ್ತದೆ, ಆಗ ನೀವು ಕೊಡುವ ಬಹುಮಾನ ಮುಖ ನೋಡಿದ್ದಕ್ಕೆ ಸಲ್ಲುತ್ತದೆ.

ಅರ್ಧ ನಿಮಿಷ ಕಳೆದರೂ ಸಿಗದಿದ್ದರೆ ತೋರಿಸಿಕೊಡಬೇಡಿ. ನಾಯಿಯನ್ನು ಹೊರಗೆ ಕರೆದೊಯ್ದು, ಮತ್ತೆ ತಿಂಡಿ ಜೋಡಿಸಿ, ಗೆದ್ದು ಮುಗಿಸುವ ಹಾಗೆ ಮಾಡಿ. ಎರಡು ದಿನ ಸತತ ಹೀಗಾದರೆ ಹಂತ 4ಕ್ಕೆ ಮರಳಬೇಕು.

ಸಿಕ್ಕಿತೆಂದು ತೋರಿಸುವ ಬಗೆಯನ್ನು ನಾಯಿಯೇ ಆರಿಸಲಿ. ಕೆಲವು ಸ್ತಬ್ಧವಾಗುತ್ತವೆ, ಕೆಲವು ಕುಳಿತುಕೊಳ್ಳುತ್ತವೆ, ಕೆಲವು ಮೂಗನ್ನು ಒತ್ತಿ ಹಿಡಿಯುತ್ತವೆ. ‘ಕುಳಿತುಕೋ’ ಎಂದು ಆಜ್ಞೆ ಮಾಡತೊಡಗಿದರೆ ಹುಡುಕದೆಯೇ ಕುಳಿತುಕೊಳ್ಳುವ ನಾಯಿ ತಯಾರಾಗುತ್ತದೆ. ಪಂಜದಿಂದ ಕೆರೆಯುವುದು, ಡಬ್ಬಿ ಕಚ್ಚುವುದು ಮಾತ್ರ ಬೇಡ; ಅದಕ್ಕೆ ಮದ್ದು ಗದರಿಕೆಯಲ್ಲ, ಕೆರೆಯುವ ಮೊದಲೇ ಬಹುಮಾನ ತಲುಪಿಸುವುದು.

## ಹಂತ 6: ನಿಮಗೂ ಗೊತ್ತಿಲ್ಲದ ಹುಡುಕಾಟ

ಡಬ್ಬಿ ಎಲ್ಲಿದೆ ಎಂದು ಗೊತ್ತಿರುವವರ ಮೈ ಸುಮ್ಮನಿರುವುದಿಲ್ಲ. ಹತ್ತಿರ ಬಂದಾಗ ನಡಿಗೆ ನಿಧಾನವಾಗುತ್ತದೆ, ಕಣ್ಣು ಅತ್ತ ಹೋಗುತ್ತದೆ, ಕೈ ತಿಂಡಿಯ ಚೀಲಕ್ಕೆ ಇಳಿಯುತ್ತದೆ. ನಾಯಿಗೆ ಇಷ್ಟು ಸಾಕು. ಆದ್ದರಿಂದ ಮನೆಯವರೊಬ್ಬರು ಡಬ್ಬಿ ಇಡಲಿ, ಇಡುವ ಮುನ್ನ ಕೋಣೆಯ ಎಲ್ಲ ಕಡೆ ಓಡಾಡಲಿ, ಆಮೇಲೆ ನಾಯಿಯ ಹಿಂದೆ, ಕಣ್ಣಿಗೆ ಬೀಳದಂತೆ ನಿಲ್ಲಲಿ. ಮಕ್ಕಳಿಗೆ ಈ ಕೆಲಸ ಬಲು ಇಷ್ಟ, ಆದರೆ ನಗು ತಡೆಯುವುದು ಅವರಿಂದ ಆಗದು.

ನೀವು ನೋಡಬೇಕಾದ್ದು ನಾಯಿಯನ್ನು. ಓಡುತ್ತಿದ್ದದ್ದು ಥಟ್ಟನೆ ತಲೆ ತಿರುಗಿಸುವುದು, ಬಾಯಿ ಮುಚ್ಚುವುದು, ಬಾಲದ ಬೀಸು ಬದಲಾಗುವುದು, ದಾಟಿಹೋದ ಜಾಗಕ್ಕೆ ಮರಳುವುದು, ಮೂಸುವ ಸದ್ದು ಚುರುಕಾಗುವುದು. ಇವು ವಾಸನೆಯ ಎಳೆ ಸಿಕ್ಕಿತು ಎಂಬುದರ ಗುರುತುಗಳು. ಮೊಬೈಲನ್ನು ಮೂಲೆಯಲ್ಲಿಟ್ಟು ಚಿತ್ರಿಸಿಕೊಂಡರೆ ನಾಯಿ ಮೊದಲೇ ಹೇಳಿದ್ದನ್ನು ನೀವು ಎಷ್ಟು ತಡವಾಗಿ ಓದಿದಿರಿ ಎಂದು ಕಾಣುತ್ತದೆ. ನಾಯಿ ತೋರಿಸಿದಾಗ ಡಬ್ಬಿ ಇಟ್ಟವರನ್ನು ಕೇಳಿ. ಸರಿಯಾದರೆ ಬಹುಮಾನ, ತಪ್ಪಾದರೆ ಮಾತಿಲ್ಲದೆ ಮುಂದಕ್ಕೆ.

## ಹಂತ 7: ಅಂಗಳ, ಗೋಡೆ, ಕಡಲತೀರ

ಹೊರಗೆ ಗಾಳಿಯೇ ಅರ್ಧ ಆಟ. ಹಗಲು ಏರಿದಂತೆ ಕಡಲಿನಿಂದ ನೆಲದತ್ತ ಗಾಳಿ ಬೀಸುತ್ತದೆ, ರಾತ್ರಿಯಿಂದ ಮುಂಜಾನೆಯವರೆಗೆ ನೆಲದಿಂದ ಕಡಲಿನತ್ತ. ಕಾರವಾರದಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ದಿಕ್ಕು, ಹನ್ನೊಂದಕ್ಕೆ ಅದರ ಎದುರು ದಿಕ್ಕು. ಕೋಲಿನ ತುದಿಗೆ ಹತ್ತಿಯ ಎಳೆ ಕಟ್ಟಿ ನೋಡಿ, ಗಾಳಿ ಡಬ್ಬಿಯನ್ನು ದಾಟಿ ನಾಯಿಯತ್ತ ಬರುವ ಹಾಗೆ ಶುರು ಮಾಡಿ. ಊದುಬತ್ತಿಯ ಹೊಗೆಯಿಂದ ದಿಕ್ಕು ನೋಡಬೇಡಿ.

ಚಿರೆಕಲ್ಲಿನ ಗೋಡೆ ನಮ್ಮಲ್ಲಿನ ವಿಶೇಷ ತೊಡಕು. ಕಲ್ಲಿನ ಮೈತುಂಬ ಇರುವ ತೂತುಗಳಲ್ಲಿ ವಾಸನೆ ಹೊಕ್ಕು ಕುಳಿತುಕೊಳ್ಳುತ್ತದೆ, ನಾಯಿ ಡಬ್ಬಿಯಿಂದ ಒಂದು ಮೊಳ ಆಚೆ ತೋರಿಸುತ್ತದೆ. ತಪ್ಪೆನ್ನದೆ ಕಾಯಿರಿ, ಮೂಲದವರೆಗೆ ಅದೇ ಹೋಗುತ್ತದೆ. ಅದೇ ಜಾಗವನ್ನು ಕೆಲವು ದಿನ ಮತ್ತೆ ಬಳಸಬೇಡಿ. ಸಂದಿಯೊಳಗೆ, ಕಟ್ಟಿಗೆ ರಾಶಿಯಲ್ಲಿ, ದರಕಿನ (ಒಣ ಎಲೆಗಳ) ಗುಡ್ಡೆಯಲ್ಲಿ ಡಬ್ಬಿ ಇಡಲೇಬಾರದು. ಅಲ್ಲಿ ಹಾವಿರುತ್ತದೆ, ನಾಯಿ ಮುಂದೊಡ್ಡುವುದು ಮೂಗನ್ನು.

ಸ್ಕೂಟರ್, ಕಾರುಗಳ ಸುತ್ತ ಆಡಿಸುವುದಾದರೆ ಎಂಜಿನ್ ತಣ್ಣಗಾಗಿರಲಿ, ಡಬ್ಬಿಯನ್ನು ನಂಬರ್ ಫಲಕದ ಹಿಂದೆ ಇಡಿ. ಗಂಡು ನಾಯಿಗಳಿಗೆ ಚಕ್ರ ಕಂಡೊಡನೆ ಬೇರೆ ಕೆಲಸ ನೆನಪಾಗುತ್ತದೆ. ಮೊದಲೇ ಸುತ್ತಾಡಿಸಿ ತನ್ನಿ.

ಕಡಲತೀರಕ್ಕೆ ಕೊನೆಯಲ್ಲಿ ಹೋಗಿ. ಸಂಜೆಯ ಟಾಗೋರ್ ಕಡಲತೀರದಲ್ಲಿ ಜನ, ತಿಂಡಿಯ ಗಾಡಿ, ಬೀದಿನಾಯಿ ಎಲ್ಲ ಸೇರಿ ಹೊಸ ನಾಯಿಯ ತಲೆ ಕೆಡಿಸುತ್ತವೆ, ಮುಂಜಾನೆ ವಾಸಿ. ಬಲೆ ಹರವಿದ, ದೋಣಿ ಎಳೆದ ಕಡೆ ಗಾಳದ ಕೊಕ್ಕೆಗಳಿರುತ್ತವೆ. ದಡಕ್ಕೆ ಬಿದ್ದ ಮೀನು ತಿನ್ನಲು ಬಿಡಬೇಡಿ; ಉಬ್ಬಿಕೊಳ್ಳುವ ಪಫರ್ ಮೀನಿನ ವಿಷ ಸತ್ತ ಮೇಲೂ ಹೋಗುವುದಿಲ್ಲ.

ಸಿದ್ದಾಪುರ, ಹೊನ್ನಾವರ, ಶಿರಸಿಯ ಕಾಡಂಚಿನವರು ನವೆಂಬರ್‌ನಿಂದ ಮೇವರೆಗೆ ಅಂಗಳ ದಾಟಬೇಡಿ. ಮಂಗನ ಕಾಯಿಲೆ ಹರಡುವ ಉಣುಗುಗಳ ಕಾಲ ಅದು, ನಾಯಿಯ ಮೈಮೇಲೆ ಅವು ಮನೆಯೊಳಗೆ ಬರುತ್ತವೆ. ಕತ್ತಲಾದ ಮೇಲೂ ಅಂಗಳದಾಚೆ ಬೇಡ, ಚಿರತೆಗೆ ನಾಯಿಯ ಮೇಲೆ ಬಹಳ ಅಕ್ಕರೆ.

## ನಿಲ್ಲಿಸಬೇಕಾದ ಗುರುತುಗಳು

ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಹುಡುಕುವುದನ್ನು ಬಿಟ್ಟು ಮೈ ಕೆರೆದುಕೊಳ್ಳುವುದು, ಬಾಗಿಲತ್ತ ಹೋಗುವುದು: ಬೇಸರ ಅಥವಾ ಒತ್ತಡ. ಆ ದಿನ ಸುಲಭದ ಒಂದು ಹುಡುಕಾಟ ಗೆಲ್ಲಿಸಿ ಮುಗಿಸಿ, ಮರುದಿನ ಒಂದು ಹಂತ ಹಿಂದೆ ಹೋಗಿ.

ಬಿಡದೆ ಸೀನುವುದು, ಪಂಜದಿಂದ ಮೂಗು ಉಜ್ಜುವುದು, ಒಂದೇ ಹೊಳ್ಳೆಯಿಂದ ರಕ್ತ ಅಥವಾ ಸಿಂಬಳ ಸೋರುವುದು ಕಂಡರೆ ಮೂಗಿನೊಳಗೆ ಹುಲ್ಲಿನ ಮುಳ್ಳು ಇರಬಹುದು. ಮಳೆಗಾಲವಾದರೆ ಉಂಬಳ (ಜಿಗಣೆ) ಹೊಕ್ಕಿರಬಹುದು. ಉಪ್ಪು, ಸುಣ್ಣ, ತಂಬಾಕಿನ ನೀರು ಹೊಯ್ಯದೆ ಪಶುವೈದ್ಯರಿಗೆ ತೋರಿಸಿ. ಮೂಗಿನ ರಕ್ತದ ಜೊತೆಗೆ ಜ್ವರ, ಊಟ ಬಿಡುವುದು, ಒಸಡು ಬಿಳಚುವುದು ಇದ್ದರೆ ಉಣುಗಿನಿಂದ ಬರುವ ಎರ್ಲಿಕಿಯಾ ರೋಗದ ಸಂಶಯದಿಂದ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ.

ಮುಖ ಥಟ್ಟನೆ ಊದಿದರೆ ಹಾವು ಕಚ್ಚಿದೆ ಎಂದೇ ತಿಳಿದು ನಡೆದುಕೊಳ್ಳಿ. ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ನಾಯಿಯನ್ನು ನಡೆಸದೆ ಎತ್ತಿಕೊಂಡು ಹೋಗಿ. ಹತ್ತಿರದ ಯಾವ ಪಶು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಸಿಗುತ್ತದೆ, ರಾತ್ರಿ ಯಾರು ಇರುತ್ತಾರೆ ಎಂಬುದನ್ನು ಹಂತ 7 ಶುರು ಮಾಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ.